ನಮ್ಮ ಘಾಟ್ಕೋಪರಿನ ಪೇಪರ್ ಮಾಮ

ಮುಂಬಯಿಯ ಕನ್ನಡ ಪತ್ರಕರ್ತ ಅಂದರೆ ಎಂಥವನು ಅಂತ ಊರಿನವರಿಗೆ ವಿವರಿಸಿ ಹೇಳುವುದು ಸ್ವಲ್ಪ ಕಷ್ಟ. ಊರಿನಲ್ಲಿ ಪತ್ರಕರ್ತ ಎಂದರೆ ಬೈಕಿನ ಮುಂದೆ ‘ಪ್ರೆಸ್’ ಅಂತ ಬರೆಸಿಕೊಂಡವನು, ತಹಸೀಲ್ದಾರರ ಜತೆ ಕೂತು ಚಾ ಕುಡಿಯುವವನು. ಇಲ್ಲಿ ಹಾಗಲ್ಲ ನೋಡಿ. ಇಲ್ಲಿ ಸಂಜೆ ಐದೂವರೆ ತನಕ ಯಾವುದೋ ಕಂಪೆನಿಯಲ್ಲಿ ಗುಮಾಸ್ತ, ಏಳು ಗಂಟೆಯ ಮೇಲೆ ಪತ್ರಕರ್ತ. ರವಿವಾರ ಮಾತ್ರ ಪೂರ್ತಿ ದಿನದ ಪತ್ರಕರ್ತ, ಯಾಕೆಂದರೆ ನಮ್ಮವರ ಸಭೆ ಸಮಾರಂಭ ಎಲ್ಲ ಇರುವುದು ರವಿವಾರವೇ!

ನಮ್ಮ ಪಂತ್‌ನಗರದ ಬಿಲ್ಡಿಂಗಿನಲ್ಲಿ ಎರಡನೇ ಮಾಳಿಗೆಯಲ್ಲಿ ಅಂಥವರೊಬ್ಬರಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಬರೆಯುವುದಿಲ್ಲ. ಬಿಲ್ಡಿಂಗಿನ ಮಕ್ಕಳೆಲ್ಲ ಕರೆಯುವುದು ‘ಪೇಪರ್ ಮಾಮ’ ಅಂತ. ಗುಜರಾತಿ ಮಕ್ಕಳೂ ಹಾಗೇ ಕರೆಯುತ್ತಾರೆ. ಕಾರ್ಕಳದ ಕಡೆಯವರು. ಹದಿನೈದನೇ ವಯಸ್ಸಿಗೆ ಬಂದು ಕೋಟೆಯ ಒಂದು ಹೊಟೇಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಆಮೇಲೆ ಕಂಪೆನಿ ಕೆಲಸ ಹಿಡಿದವರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಇಲ್ಲದಿದ್ದರೆ ಇಲ್ಲಿನ ಅರ್ಧಕ್ಕರ್ಧ ಬರಹಗಾರರು, ಸಂಘಟಕರು, ಹೊಟೇಲ್ ಮಾಲಕರು ಇರುತ್ತಲೇ ಇರಲಿಲ್ಲ ಅಂತ ನನ್ನ ಲೆಕ್ಕ. ಅದು ಇನ್ನೊಂದು ದಿನಕ್ಕೆ ಇರಲಿ.

ಕಂಪೆನಿಯಿಂದ ರಿಟೈರ್ ಆದ ಮೇಲೆ ಮಾಮ ಪತ್ರಿಕೆಯ ಕೆಲಸಕ್ಕೆ ಪೂರ್ತಿ ಇಳಿದರು. ಗೌರವಧನ ಅಂತ ಒಂದು ಸಿಗುತ್ತದೆ, ಅದರಲ್ಲಿ ಗೌರವವೇ ಜಾಸ್ತಿ. ಅವರ ವಾರದ ಓಡಾಟ ನನಗೆ ಬಾಯಿಪಾಠ. ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್‌ನ ಬಿಲ್ಲವ ಭವನ, ಮಾಟುಂಗದ ಮೈಸೂರು ಅಸೋಸಿಯೇಶನ್, ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಅಸಲ್ಫಾದ ಗೀತಾಂಬಿಕಾ ಮಂದಿರ... ಎಲ್ಲಿ ಯಕ್ಷಗಾನ, ಎಲ್ಲಿ ಅರಸಿನ ಕುಂಕುಮ, ಎಲ್ಲಿ ಪುಸ್ತಕ ಬಿಡುಗಡೆ, ಅಲ್ಲಿ ಮಾಮ. ವೇದಿಕೆಯಲ್ಲಿ ಹತ್ತು ಜನ ಇದ್ದರೆ ಹತ್ತೂ ಹೆಸರು ಬರಬೇಕು, ಒಂದು ಬಿಟ್ಟರೆ ಮರುದಿನ ಫೋನ್. ‘ಇದೆಲ್ಲ ಒಂದು ಸುದ್ದಿಯಾ ಮಾಮ’ ಅಂತ ನಾನು ಎಷ್ಟೋ ಸಲ ತಮಾಷೆ ಮಾಡಿದ್ದುಂಟು. ಅವರದ್ದು ಒಂದೇ ಉತ್ತರ: “ಟೈಮ್ಸ್‌ನವರು ಇವರ ಹೆಸರು ಹಾಕುತ್ತಾರಾ? ಇಲ್ಲ ಅಲ್ವಾ? ಮತ್ತೆ ನಾನಾದರೂ ಹಾಕಬೇಡವಾ?”

ಮಾಮ ದೊಡ್ಡ ಸುದ್ದಿ ನೋಡಿದವರಲ್ಲ ಅಂತ ತಿಳಿಯಬೇಡಿ. ಘಾಟ್ಕೋಪರ್ ಅಂಥ ಜಾಗ ಅಲ್ಲ. 1997ರ ಜುಲೈ 11ಕ್ಕೆ ರಮಾಬಾಯಿ ನಗರದಲ್ಲಿ ಗೋಲಿಬಾರ್ ಆಗಿ ಹತ್ತು ಜನ ಸತ್ತಾಗ ಇದ್ದರು. 2002ರ ಡಿಸೆಂಬರಿನಲ್ಲಿ ಸ್ಟೇಷನ್ ಹತ್ತಿರ ಬೆಸ್ಟ್ ಬಸ್ಸಿನಲ್ಲಿ ಬಾಂಬು, 2003ರ ಜುಲೈಯಲ್ಲಿ ಎಲ್‌ಬಿಎಸ್ ರಸ್ತೆಯಲ್ಲಿ ಇನ್ನೊಂದು ಬಸ್ಸಿನಲ್ಲಿ. 2005ರ ಜುಲೈ 26ರ ಮಳೆಗೆ ಕಲೀನಾದಿಂದ ಎದೆಮಟ್ಟ ನೀರಿನಲ್ಲಿ ನಡೆದುಕೊಂಡು ಮನೆಗೆ ಬಂದು, ಒದ್ದೆ ಅಂಗಿಯಲ್ಲೇ ಕೂತು ವರದಿ ಬರೆದವರು. ಆದರೆ 2020ರಂಥ ವರ್ಷವನ್ನು ಅವರೂ ನೋಡಿರಲಿಲ್ಲ, ನಾವ್ಯಾರೂ ನೋಡಿರಲಿಲ್ಲ.

ಮಾರ್ಚ್ 22ರ ರವಿವಾರ ಜನತಾ ಕರ್ಫ್ಯೂ. ಅವತ್ತೇ ಮಧ್ಯರಾತ್ರಿಯಿಂದ ಲೋಕಲ್ ಬಂದ್. ಮುಂಬಯಿಯಲ್ಲಿ ಇದ್ದವರಿಗೆ ಮಾತ್ರ ಇದರ ಅರ್ಥ ಗೊತ್ತು. ಬಾಂಬು ಬಿದ್ದರೂ ಮರುದಿನ ಓಡಿದ ಲೋಕಲ್ ಅದು. ಮರುದಿನದಿಂದ ಪೇಪರ್ ಕೂಡ ಬರಲಿಲ್ಲ. ಪೇಪರಿನಿಂದ ರೋಗ ಹರಡುತ್ತದೆ ಎಂಬ ಗುಲ್ಲು ಎದ್ದಿತ್ತು, ಹಂಚುವ ಹುಡುಗರಿಗೂ ಹೆದರಿಕೆ. ನಗರದ ಪತ್ರಿಕೆಗಳು ಅಚ್ಚು ನಿಲ್ಲಿಸಿದವು. ಏಪ್ರಿಲ್ ಒಂದರ ಹೊತ್ತಿಗೆ ಕೆಲವು ಪತ್ರಿಕೆಗಳು ಮತ್ತೆ ಮುದ್ರಣ ಶುರುಮಾಡಿದರೆ, ಏಪ್ರಿಲ್ 18ಕ್ಕೆ ಸರಕಾರ ಮನೆ ಮನೆಗೆ ಹಾಕುವುದೇ ಬೇಡ ಅಂದಿತು. ಮುಂಬಯಿಯಲ್ಲಿ ಪೇಪರ್ ಮತ್ತೆ ಮನೆ ಬಾಗಿಲಿಗೆ ಬರಲು ಅನುಮತಿ ಸಿಕ್ಕಿದ್ದು ಜೂನ್ 7ಕ್ಕೆ.

ಎರಡೂವರೆ ತಿಂಗಳು! ಇಂಗ್ಲಿಷ್ ಓದುವವರಿಗೆ ಮೊಬೈಲ್ ಇತ್ತು, ಟೀವಿ ಇತ್ತು. ಆದರೆ ನಮ್ಮ ಕನ್ನಡ ಪೇಪರಿನ ಓದುಗರು ಯಾರು ಹೇಳಿ? ಎಪ್ಪತ್ತು ದಾಟಿದ ಅಜ್ಜಂದಿರು, ಹೊಟೇಲಿನ ಗಲ್ಲೆಯಲ್ಲಿ ಕೂತವರು, ಅಡುಗೆ ಮನೆಯ ಹುಡುಗರು. ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಬಿಟ್ಟರೆ, ಅದನ್ನು ಎರಡು ಬೆರಳಿನಲ್ಲಿ ಎಳೆದು ದೊಡ್ಡದು ಮಾಡಲು ಅಜ್ಜನಿಗೆ ಬರುವುದಿಲ್ಲ.

ಮಾಮನ ಮನೆ ನಮ್ಮದರ ಹಾಗೆಯೇ ವನ್ ರೂಮ್ ಕಿಚನ್. ಮಗಳ ಆಫೀಸು ಹಾಲಿನಲ್ಲಿ, ಮೊಮ್ಮಗನ ಆನ್‌ಲೈನ್ ಕ್ಲಾಸು ಮಂಚದ ಮೇಲೆ, ಮಾಮನ ಪತ್ರಿಕಾಲಯ ಅಡುಗೆ ಮನೆಯಲ್ಲಿ ಮಿಕ್ಸಿಯ ಪಕ್ಕ. ಮಾಮಿ ಚಟ್ನಿ ಕಡೆಯುವ ಹೊತ್ತಿಗೆ ಮಾಮ ಫೋನ್ ಹಿಡಿದು ಜಿನೆ ಮೇಲೆ ಬಂದು ಕೂರುತ್ತಿದ್ದರು. ನಾನು ಮೂರನೇ ಮಾಳಿಗೆಯವ, ಮೇಲಿನ ಮೆಟ್ಟಿಲಲ್ಲಿ ನಾನು ಕೂತು ಕೆಳಗಿನ ಮೆಟ್ಟಿಲಲ್ಲಿ ಅವರು ಕೂತು, ನಡುವೆ ಆರಡಿ ಅಂತರ ಇಟ್ಟು ನಾವು ಆ ವರ್ಷ ಆಡಿದಷ್ಟು ಮಾತು ಮೂವತ್ತು ವರ್ಷದಲ್ಲಿ ಆಡಿರಲಿಲ್ಲ.

ಕೆಲಸದ ಕಷ್ಟಗಳು ನಮಗೆ ನಗೆ ಬರಿಸುವಂಥವು. ವಾಟ್ಸಾಪಿನಲ್ಲಿ ಬಂದ ಬರಹ ಯೂನಿಕೋಡ್, ಪುಟ ಕಟ್ಟುವುದು ಹಳೆಯ ಶ್ರೀಲಿಪಿಯಲ್ಲಿ. ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ಹಾರಿ ಇನ್ನೊಂದು ಸಾಲಿಗೆ ಹೋಗಿ ಕೂರುತ್ತವೆ. ಆಫೀಸಿನಲ್ಲಾದರೆ ಅದನ್ನು ಸರಿ ಮಾಡುವ ಹುಡುಗ ಇದ್ದ. ಆ ಹುಡುಗ ಈಗ ವಸಾಯಿಯಲ್ಲಿ ಸಿಕ್ಕಿಬಿದ್ದಿದ್ದ. ಮಾಮ ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದೊಂದೇ ಒತ್ತನ್ನು ಹಿಡಿದು ತಂದು ಜಾಗದಲ್ಲಿ ಕೂರಿಸುತ್ತಿದ್ದರು, ಹೊಲದಿಂದ ದನ ಹೊಡೆದು ಹಟ್ಟಿಗೆ ಕಟ್ಟಿದ ಹಾಗೆ.

ಮತ್ತೊಂದು ಕಷ್ಟ ದೊಡ್ಡದು. ಸುದ್ದಿಯೇ ಇರಲಿಲ್ಲ! ಅಂದರೆ, ಲೋಕದ ತುಂಬ ಸುದ್ದಿ. ಇಟಲಿಯಲ್ಲಿ ಹೆಣಗಳ ಸಾಲು, ನ್ಯೂಯಾರ್ಕಿನಲ್ಲಿ ಆಸ್ಪತ್ರೆ ಭರ್ತಿ, ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಬೆಲೆ ಸೊನ್ನೆಗಿಂತ ಕೆಳಗೆ. ಆದರೆ ಮಾಮನ ಪುಟಕ್ಕೆ ಬೇಕಾದ ಸುದ್ದಿ ಇರಲಿಲ್ಲ. ಸಭೆ ಇಲ್ಲ, ಸನ್ಮಾನ ಇಲ್ಲ, ತಾಳಮದ್ದಳೆ ಇಲ್ಲ, ಮದುವೆ ಇಲ್ಲ. ಉಳಿದದ್ದು ಎರಡೇ. ಒಂದು, ಊರಿಗೆ ಹೋಗುವ ದಾರಿ ಯಾವುದು ಅನ್ನುವುದು. ಇನ್ನೊಂದು, ನಿಧನ ವಾರ್ತೆ.

ಮೊದಲನೆಯದನ್ನು ಹೇಳುತ್ತೇನೆ. ಹೊಟೇಲುಗಳು ಮುಚ್ಚಿದವು. ನಮ್ಮ ಹೊಟೇಲುಗಳಲ್ಲಿ ಹುಡುಗರು ಮಲಗುವುದು ಅಲ್ಲೇ ಮಾಳಿಗೆಯಲ್ಲಿ, ಊಟ ಅಲ್ಲೇ. ಹೊಟೇಲು ಮುಚ್ಚಿತು ಅಂದರೆ ಕೆಲಸ, ಮನೆ, ಊಟ ಮೂರೂ ಒಂದೇ ದಿನ ಹೋದ ಹಾಗೆ. ಕೆಲವು ಮಾಲಕರು ತಿಂಗಳುಗಟ್ಟಲೆ ಅಕ್ಕಿ ಬೇಳೆ ಕೊಟ್ಟು ನೋಡಿಕೊಂಡರು, ಕೆಲವರು ಫೋನ್ ತೆಗೆಯಲಿಲ್ಲ. ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಎಲ್‌ಟಿಟಿ ಸ್ಟೇಷನ್. ಅಲ್ಲಿಂದ ಮತ್ಸ್ಯಗಂಧಾ ಹೊರಡುವುದು ನಮಗೆಲ್ಲ ಗಡಿಯಾರ ಇದ್ದ ಹಾಗೆ. ಅದೂ ನಿಂತಿತ್ತು. ಮಾಮನ ನಂಬರು ಹತ್ತಾರು ವರ್ಷದಿಂದ ಆಮಂತ್ರಣ ಪತ್ರಿಕೆ ಕಳಿಸಲಿಕ್ಕಾಗಿ ಎಲ್ಲರ ಹತ್ತಿರ ಇತ್ತಲ್ಲ, ಆ ನಂಬರಿಗೆ ಫೋನ್ ಶುರುವಾಯಿತು. ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವುದು ಹೇಗೆ? ಪಾಸ್ ಬಂತು, ಗಾಡಿ ಎಲ್ಲಿ ಸಿಗುತ್ತದೆ? ನಿಪ್ಪಾಣಿ ಹತ್ತಿರ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದ್ದಾರೆ, ಜತೆಯಲ್ಲಿ ಬಸುರಿ ಇದ್ದಾಳೆ, ಏನು ಮಾಡುವುದು? ಮೇ 18ರಂದು ಕರ್ನಾಟಕ ಸರಕಾರ, ತಿಂಗಳ ಕೊನೆಯ ತನಕ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ಪ್ರವೇಶ ಇಲ್ಲ ಅಂತ ಹೇಳಿದ ದಿನ ಮಾಮನ ಫೋನ್ ರಾತ್ರಿ ಎರಡು ಗಂಟೆಗೂ ಹೊಡೆಯುತ್ತಿತ್ತು. ಅವರು ಒಂದು ಪುಸ್ತಕ ಇಟ್ಟುಕೊಂಡಿದ್ದರು. ಯಾರು, ಎಷ್ಟು ಜನ, ಯಾವ ತಾಲೂಕು, ಯಾವ ಗಾಡಿ. ಪೇಪರ್ ಮನೆಗೆ ಹೋಗುತ್ತಿರಲಿಲ್ಲ ಅಂದೆನಲ್ಲ, ಆ ಎರಡು ತಿಂಗಳು ಅವರ ಫೋನೇ ಪೇಪರು.

ಊರಿನ ಕಡೆ ಆಗ ನಮ್ಮನ್ನು ನೋಡುತ್ತಿದ್ದ ರೀತಿ ನೆನೆದರೆ ನನಗೆ ಇವತ್ತಿಗೂ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ. ನಮ್ಮ ಕಡೆ ದೇವಸ್ಥಾನದ ಬ್ರಹ್ಮಕಲಶಕ್ಕೆ, ಶಾಲೆಯ ಮಾಡಿಗೆ, ಭಜನಾ ಮಂದಿರದ ಕಂಪೌಂಡಿಗೆ ‘ಬೊಂಬಾಯಿಯವರು’ ಬೇಕು. ಅಮೃತಶಿಲೆಯ ಕಲ್ಲಿನಲ್ಲಿ ಅವರ ಹೆಸರೇ ಮೊದಲು. ಅದೇ ಬೊಂಬಾಯಿಯವರು 2020ರ ಮೇಯಲ್ಲಿ ಬರುತ್ತೇವೆ ಅಂದಾಗ ಕೆಲವು ಕಡೆ ರಸ್ತೆಗೆ ಮರ ಅಡ್ಡ ಬಿತ್ತು. ಹೆದರಿಕೆ ಸುಳ್ಳಲ್ಲ, ಅದನ್ನೂ ಒಪ್ಪುತ್ತೇನೆ. ಜೂನ್ 2ರಂದು ಉಡುಪಿ ಜಿಲ್ಲೆಯೊಂದರಲ್ಲೇ 150 ಕೇಸು, ಹೆಚ್ಚಿನವರೆಲ್ಲ ಮಹಾರಾಷ್ಟ್ರದಿಂದ ಹೋದವರು. ಕ್ವಾರಂಟೈನ್ ಆದ ಶಾಲೆ, ಹಾಸ್ಟೆಲುಗಳಿಗೆ ಗಂಜಿ ಊಟ ಹೊತ್ತ ಪಂಚಾಯತಿನವರು, ಆಶಾ ಕಾರ್ಯಕರ್ತೆಯರು ಎಷ್ಟೋ ಮಂದಿ ಇದ್ದಾರೆ, ಅವರಿಗೆ ಕೈ ಮುಗಿಯಬೇಕು. ಆದರೆ ಕನ್ನಡ ಟೀವಿಗಳಲ್ಲಿ ‘ಕಂಟಕ’ ‘ನಂಜು’ ಅಂತ ಕೆಂಪಕ್ಷರದಲ್ಲಿ ಬರುತ್ತಿತ್ತಲ್ಲ, ಆ ಕಂಟಕ ಅಂದರೆ ನಾವು! ನಮ್ಮ ಭಾಷೆಯಲ್ಲೇ ನಮಗೆ ಬೈಗಳು.

ಆ 150ರ ಸುದ್ದಿಯನ್ನು ಮಾಮನೂ ಹಾಕಲೇಬೇಕು. ತಲೆಬರಹ ಏನು ಅಂತ ಜಿನೆಯಲ್ಲಿ ಕೂತು ಅರ್ಧ ಗಂಟೆ ಯೋಚಿಸಿದರು. ಏಜೆನ್ಸಿಯಿಂದ ಬಂದದ್ದರಲ್ಲಿ ‘ಮುಂಬೈ ಸೋಂಕು’ ಅಂತ ಇತ್ತು. ಅದನ್ನು ಹೊಡೆದು ‘ಊರಿಗೆ ಮರಳಿದ 150 ಮಂದಿಗೆ ಕೊರೋನಾ’ ಅಂತ ಮಾಡಿದರು. ಇಷ್ಟೇ ವ್ಯತ್ಯಾಸ. ಇಬ್ಬರು ಓದುಗರು ಫೋನ್ ಮಾಡಿ ‘ಒಳ್ಳೆದಾಯ್ತು ಮಾರಾಯ್ರೆ’ ಅಂದರಂತೆ.

ಇನ್ನು ನಿಧನ ವಾರ್ತೆ. ನಮ್ಮ ಪೇಪರುಗಳಲ್ಲಿ ಮೊದಲು ಓದುವ ಪುಟವೇ ಅದು ಅಂತ ಹೇಳಿದರೆ ಯಾರೂ ಸಿಟ್ಟು ಮಾಡಬಾರದು. ಸ್ಟಾಂಪ್ ಸೈಜಿನ ಫೋಟೊ, ಮೂಲತಃ ಯಾವ ಊರು, ಯಾವ ಮನೆ, ಎಲ್ಲಿ ಹೊಟೇಲ್ ಇತ್ತು, ಯಾವ ಸಂಘದ ಆಜೀವ ಸದಸ್ಯ, ಪತ್ನಿ, ಮಕ್ಕಳು, ಅಪಾರ ಬಂಧು ಬಳಗ. ಲಾಕ್‌ಡೌನಿನಲ್ಲಿ ಹೆಣದ ಜತೆ 20 ಜನಕ್ಕಿಂತ ಹೆಚ್ಚು ಹೋಗುವ ಹಾಗಿರಲಿಲ್ಲ. ಕೊರೋನಾ ಆದರೆ ಅಷ್ಟೂ ಇಲ್ಲ. ಅಂದ ಮೇಲೆ ಸತ್ತವರಿಗೆ ಸಿಗುವ ಕೊನೆಯ ಸಭೆ ಆ ನಾಲ್ಕು ಸಾಲು ಮಾತ್ರ.

ಮೇ ತಿಂಗಳ ನಡುವೆ ಒಂದು ದಿನ ನಮಗೆ ಇಬ್ಬರಿಗೂ ಗುರುತಿದ್ದ ಒಬ್ಬರು ಹೋದರು. ಹೊಟೇಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದವರು, ರವಿವಾರ ಚೆಂಡೆ ಬಾರಿಸುತ್ತಿದ್ದರು. ಮಗ ಮಾಮನಿಗೆ ಫೋನ್ ಮಾಡಿ ವಿವರ ಕೊಟ್ಟ, ಫೋಟೊ ಕಳಿಸಿದ. ಕೊನೆಗೆ ಹೇಳಿದ: “ಕೊರೋನಾ ಅಂತ ಹಾಕಬೇಡಿ ಮಾಮ. ಅಜ್ಜಿ ಊರಿನಲ್ಲಿ ಒಬ್ಬಳೇ ಇದ್ದಾಳೆ. ಡೈರಿಯವರು ನಾಳೆಯಿಂದ ಹಾಲು ತೆಗೆದುಕೊಳ್ಳುವುದಿಲ್ಲ.” ಮಾಮ ‘ಅಲ್ಪಕಾಲದ ಅಸೌಖ್ಯದಿಂದ’ ಅಂತ ಹಾಕಿದರು.

ನಾನು ಜಗಳಕ್ಕೇ ನಿಂತೆ. ಪತ್ರಿಕೆ ಅಂದ ಮೇಲೆ ನಿಜ ಬರೆಯಬೇಡವೇ? ಅವರನ್ನು ನೋಡಲಿಕ್ಕೆ ಹೋದವರಿಗೆ ಗೊತ್ತಾಗಬೇಡವೇ? “ಅದಕ್ಕೆ ಬಿಎಂಸಿಯ ಪಟ್ಟಿ ಇದೆ, ಅವರು ಮನೆ ಹುಡುಕಿಕೊಂಡು ಬರುತ್ತಾರೆ. ಅದು ನನ್ನ ಕೆಲಸ ಅಲ್ಲ” ಅಂದರು. ನಾನು ಬಿಡಲಿಲ್ಲ. ಇನ್ನು ಐವತ್ತು ವರ್ಷ ಕಳೆದು ಯಾರಾದರೂ ನಿಮ್ಮ ಫೈಲು ತೆಗೆದು ನೋಡಿದರೆ 2020ರಲ್ಲಿ ಮುಂಬಯಿ ಕನ್ನಡಿಗರು ಒಬ್ಬರೂ ಕೊರೋನಾದಿಂದ ಸಾಯಲೇ ಇಲ್ಲ ಅಂತ ಆಗುತ್ತದಲ್ಲ ಮಾಮ?

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಇದು: “ಮೊದಲೆಲ್ಲ ವಾರಕ್ಕೆ ಒಂದು ‘ಅಲ್ಪಕಾಲದ ಅಸೌಖ್ಯ’ ಬರುತ್ತಿತ್ತು. ಉಳಿದದ್ದು ಹೃದಯಾಘಾತ, ದೀರ್ಘಕಾಲದ ಅಸೌಖ್ಯ, ವಯೋಸಹಜ. ಈಗ ದಿನಕ್ಕೆ ನಾಲ್ಕು ‘ಅಲ್ಪಕಾಲ’ ಬರುತ್ತದೆ. ಓದಲಿಕ್ಕೆ ಬರುವವನಿಗೆ ಅಷ್ಟು ಸಾಕು.”

ನನಗೆ ಈಗಲೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಆ ಅಜ್ಜಿಯ ಹಾಲು ಡೈರಿಗೆ ಹೋಗುತ್ತಲೇ ಇತ್ತು ಅನ್ನುವುದೂ ನಿಜ.

ಪತ್ರಕರ್ತರಿಗೆ ಅಪಾಯ ಅಂದರೆ ಘಾಟ್ಕೋಪರಿನವರಾದ ನಮಗೆ ಮೊದಲು ನೆನಪಾಗುವುದು ಮಿಡ್-ಡೇಯ ಜ್ಯೋತಿರ್ಮಯ್ ಡೇ. ಜೆ. ಡೇ ಅಂತಲೇ ಎಲ್ಲರಿಗೂ ಗೊತ್ತು. 2011ರ ಜೂನ್ 11ರ ಮಧ್ಯಾಹ್ನ ಘಾಟ್ಕೋಪರಿನ ತಾಯಿ ಮನೆಗೆ ಹೋಗಿ, ಬೈಕಿನಲ್ಲಿ ಪವಾಯಿಯ ತಮ್ಮ ಮನೆಗೆ ಮರಳುವಾಗ ಗುಂಡಿಟ್ಟು ಕೊಂದರು. 2018ರಲ್ಲಿ ಕೋರ್ಟು ಛೋಟಾ ರಾಜನ್‌ಗೆ ಜೀವಾವಧಿ ಕೊಟ್ಟಿತು. ಮಳೆ ಹನಿಯುತ್ತಿದ್ದ ಆ ದಿನ ಮಾಮಿ ಮಾಮನನ್ನು ಹೊರಗೆ ಬಿಟ್ಟಿರಲಿಲ್ಲವಂತೆ. “ಇವರು ಬರೆಯುವುದು ಅರಸಿನ ಕುಂಕುಮದ ಸುದ್ದಿ, ಇವರನ್ನು ಯಾರು ಕೊಲ್ಲುತ್ತಾರೆ?” ಅಂತ ನಾವು ನಕ್ಕಿದ್ದೆವು. ಕೊರೋನಾ ಬಂದಾಗ ಆ ನಗೆ ಇರಲಿಲ್ಲ. ಏಪ್ರಿಲಿನಲ್ಲಿ ಆಜಾದ್ ಮೈದಾನದಲ್ಲಿ ಸುಮಾರು 170 ಪತ್ರಕರ್ತರ, ಕೆಮರಾದವರ ಪರೀಕ್ಷೆ ಮಾಡಿದ್ದರಲ್ಲಿ 53 ಮಂದಿಗೆ ಪಾಸಿಟಿವ್ ಬಂತು. ಹೆಚ್ಚಿನವರಿಗೆ ಕೆಮ್ಮು ಕೂಡ ಇರಲಿಲ್ಲ! ಆ ಸಂಖ್ಯೆ ಟೀವಿಯಲ್ಲಿ ಬಂದ ದಿನ ನಮ್ಮ ಸೊಸೈಟಿಯ ವಾಚ್‌ಮನ್ ಮಾಮನನ್ನು ಗೇಟಿನಲ್ಲಿ ನಿಲ್ಲಿಸಿ ‘ಆಪ್ ಪ್ರೆಸ್‌ವಾಲೆ ಹೈ ನಾ’ ಅಂತ ಕೇಳಿದ. ಊರಿನಲ್ಲಿ ಬೊಂಬಾಯಿಯವರು, ಬೊಂಬಾಯಿಯಲ್ಲಿ ಪ್ರೆಸ್‌ವಾಲೆ. ಎರಡೂ ಕಡೆ ಮಾಮನೇ.

ನನ್ನ ಅಕ್ಕನ ಮಗ ಹಡಗಿನಲ್ಲಿ ಇಂಜಿನಿಯರ್. ಅವನ ಹಡಗಿನಲ್ಲಿ ಅರ್ಧ ಜನ ಫಿಲಿಪೀನ್ಸ್‌ನವರು, ಆ ವರ್ಷ ಯಾರಿಗೂ ಇಳಿದು ಮನೆಗೆ ಹೋಗಲು ಆಗಿರಲಿಲ್ಲ. ಮೇ ತಿಂಗಳಲ್ಲಿ ಅವನು ಹೇಳಿದ ಒಂದು ಸಂಗತಿಯನ್ನು ನಾನು ಮಾಮನಿಗೆ ದಾಟಿಸಿದೆ. ಅಲ್ಲಿನ ದೊಡ್ಡ ಟೀವಿ ಸಂಸ್ಥೆ ಎಬಿಎಸ್-ಸಿಬಿಎನ್ ಅನ್ನು ಲೈಸೆನ್ಸ್ ಅವಧಿ ಮುಗಿಯಿತು ಅಂತ ಮೇ 5ರಂದು, ಲಾಕ್‌ಡೌನ್ ನಡುವೆಯೇ, ಸರಕಾರ ಪ್ರಸಾರ ನಿಲ್ಲಿಸಿ ಕೂರಿಸಿತು. ಕೆಲಸದವರು ಸುಮಾರು 11 ಸಾವಿರ. ಜುಲೈಯಲ್ಲಿ ಅಲ್ಲಿನ ಸಂಸತ್ತಿನ ಸಮಿತಿ 70-11 ಮತಗಳಿಂದ ಹೊಸ ಲೈಸೆನ್ಸ್ ಇಲ್ಲ ಅಂದಿತು. ನಡುವೆ ಜೂನ್ 15ಕ್ಕೆ ‘ರಾಪ್ಲರ್’ನ ಮರಿಯಾ ರೆಸ್ಸಾ ಎಂಬ ಪತ್ರಕರ್ತೆಯನ್ನು ಮಾನಹಾನಿ ಕೇಸಿನಲ್ಲಿ ತಪ್ಪಿತಸ್ಥೆ ಅಂತ ಕೋರ್ಟು ಹೇಳಿತು. ಮನೆಯಲ್ಲಿ ಕೂತ ಜನಕ್ಕೆ ಸುದ್ದಿ ಬೇಕೇ ಬೇಕಾದ ಹೊತ್ತಿಗೇ ಸುದ್ದಿಯವರ ಬಾಯಿಗೆ ಬೀಗ. ಮಾಮ ಕೇಳಿ, “ಅವರ ಕತ್ತು ಹಿಡಿಯಲಿಕ್ಕೆ ಸರಕಾರ ಬರುತ್ತದೆ. ನನ್ನ ಕೈ ಹಿಡಿಯುವುದು ಸತ್ತವರ ಮನೆಯವರು. ಕತ್ತು ಹಿಡಿದರೆ ಕೂಗಬಹುದು ಮಾರಾಯ್ರೆ, ಕೈ ಹಿಡಿದರೆ ಎಂತ ಮಾಡುದು?” ಅಂದರು. 2021ರ ಅಕ್ಟೋಬರಿನಲ್ಲಿ ಮರಿಯಾ ರೆಸ್ಸಾಗೆ ರಷ್ಯದ ದಿಮಿತ್ರಿ ಮುರಾತೊವ್ ಜತೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಮಾಮ ಆ ಸುದ್ದಿಯನ್ನು ಒಂದು ಕಾಲಂ ಅಲ್ಲ, ಮೂರು ಕಾಲಂ ಹಾಕಿಸಿದರು. ಯಾವುದೋ ಸಂಘದ ವಾರ್ಷಿಕೋತ್ಸವದ ಫೋಟೊ ಆ ದಿನ ಒಳಪುಟಕ್ಕೆ ಹೋಯಿತು, ಅಧ್ಯಕ್ಷರು ಒಂದು ವಾರ ಮಾತು ಬಿಟ್ಟರು.

2020ರ ಆಗಸ್ಟ್ 6ರಂದು ಮುರಳೀಧರ ಶಿಂಗೋಟೆ ತೀರಿಹೋದರು. ಹೊರಗಿನ ಓದುಗರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಜುನ್ನರ್ ಕಡೆಯ ಉಂಬ್ರಜ್ ಎಂಬ ಹಳ್ಳಿಯಿಂದ ಬಂದು, ಪತ್ರಿಕೆ ಮಾರುವುದರಿಂದ ಶುರುಮಾಡಿ, ಮರಾಠಿಯಲ್ಲಿ ‘ಪುಣ್ಯನಗರಿ’, ಹಿಂದಿಯಲ್ಲಿ ‘ಯಶೋಭೂಮಿ’, ಕನ್ನಡದಲ್ಲಿ ‘ಕರ್ನಾಟಕ ಮಲ್ಲ’ ತಂದವರು. ಕನ್ನಡಿಗರೇ ಕೈ ಹಾಕಲು ಹೆದರುವ ಊರಿನಲ್ಲಿ ಒಬ್ಬ ಮರಾಠಿ ಮನುಷ್ಯ ಕನ್ನಡ ದಿನಪತ್ರಿಕೆ ಹೊರಡಿಸಿದರು ನೋಡಿ. ಗಡಿ ಗಡಿ ಅಂತ ಎರಡೂ ಕಡೆ ಬಸ್ಸಿಗೆ ಕಲ್ಲು ಹೊಡೆಯುವವರಿಗೆ ಇದನ್ನು ಯಾರಾದರೂ ಹೇಳಬೇಕು. ಆ ಸುದ್ದಿ ಕೇಳಿದ ದಿನ ಮಾಮ ಊಟ ಮಾಡಲಿಲ್ಲ ಅಂತ ಮಾಮಿ ಹೇಳಿದರು.

ಅಕ್ಟೋಬರ್ 5ಕ್ಕೆ ಹೊಟೇಲುಗಳು ಅರ್ಧ ಕುರ್ಚಿಯೊಂದಿಗೆ ತೆರೆದವು. ಊರಿಗೆ ಹೋದ ಹುಡುಗರಲ್ಲಿ ಕೆಲವರು ಬಂದರು, ಕೆಲವರು ಅಲ್ಲೇ ಅಡಿಕೆ ಸುಲಿಯಲು ನಿಂತರು. 2021ರ ಏಪ್ರಿಲಿನಲ್ಲಿ ಎರಡನೇ ಅಲೆ ಬಂದಾಗ ಮಾಮನ ನಿಧನ ವಾರ್ತೆ ಪುಟ ದಾಟಿ ಮುಂದಿನ ಪುಟಕ್ಕೆ ಹರಿದದ್ದುಂಟು. ಆದರೆ ಆಗ ಒಂದು ಬದಲಾವಣೆ ಗಮನಿಸಿದೆ. ಕೆಲವು ಮನೆಯವರು ತಾವಾಗಿಯೇ ‘ಕೋವಿಡ್‌ನಿಂದ’ ಅಂತ ಹಾಕಿ ಎಂದರು. ಊರಿನಲ್ಲೂ ಆ ಹೊತ್ತಿಗೆ ಮನೆ ಮನೆಗೆ ಬಂದಿತ್ತಲ್ಲ, ಇನ್ನು ಮುಚ್ಚಿಡುವುದು ಯಾರಿಂದ? ಮೊದಲ ಸಲ ಹಾಗೆ ಹಾಕಿದ ದಿನ ಮಾಮ ಪೇಪರನ್ನು ನನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿದ್ದರು. ಆ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

ಈಗ ಸಭೆಗಳೆಲ್ಲ ಮೊದಲಿಗಿಂತ ಜೋರು. ರವಿವಾರ ಮಾಮ ಮನೆಯಲ್ಲಿರುವುದಿಲ್ಲ. ವೇದಿಕೆಯ ಹತ್ತು ಹೆಸರು, ಬಿಟ್ಟುಹೋದ ಹನ್ನೊಂದನೆಯವರ ಫೋನು, ಎಲ್ಲ ಮತ್ತೆ ಶುರು. ಪೇಪರ್ ಮಾತ್ರ ಹಿಂದಿನಷ್ಟು ಬರಲಿಲ್ಲ. ನಿಂತ ಎರಡೂವರೆ ತಿಂಗಳಿನಲ್ಲಿ ಕೆಲವರಿಗೆ ಅಭ್ಯಾಸ ತಪ್ಪಿತು, ಕೆಲವು ಅಜ್ಜಂದಿರು ಇಲ್ಲವೇ ಇಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಏಳು ಮನೆಗೆ ಕನ್ನಡ ಪೇಪರ್ ಬೀಳುತ್ತಿತ್ತು, ಈಗ ಎರಡು ಮನೆಗೆ. ಒಂದು ಮಾಮನದು, ಅವರಿಗೆ ಫುಕಟ್. ದುಡ್ಡು ಕೊಟ್ಟು ತೆಗೆದುಕೊಳ್ಳುವವನು ನಾನೊಬ್ಬನೇ.